ಒಂದು ಚೂರು ತಿಂದರೆ ಏನಾಗುತ್ತೆ?

"ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ" ಎನ್ನುವ ಗಾದೆಯನ್ನು ನಾವೆಲ್ಲ ಚಿಕ್ಕಂದಿನಿಂದ ಕೇಳಿಕೊಂಡು ಬಂದವರೇ. ಗೋಧಿ ಆಗದ ಮನೆಯಲ್ಲಿ ಮಾತ್ರ ಈ ಗಾದೆಯ ಎರಡು ಭಾಗಗಳನ್ನೂ ಒಟ್ಟಿಗೇ ಕಲಿಯಬೇಕಾಗುತ್ತದೆ. ನನ್ನ ಅನುಭವದಲ್ಲಿ ಊಟದ ಭಾಗ ಆರು ತಿಂಗಳಲ್ಲಿ ಕೈಗೆ ಬಂತು. ಮಾತಿನ ಭಾಗ ಇನ್ನೂ ಕಲಿಯುತ್ತಲೇ ಇದ್ದೇನೆ.

ನಮ್ಮದು ಅರಸೀಕೆರೆ ಕಡೆಯ ಸಣ್ಣ ಊರು. ಮನೆಯಲ್ಲಿ ಅತ್ತೆಯವರು, ಯಜಮಾನರು, ಮಗಳು, ಮಗ ಮತ್ತು ನಾನು. ಮಗಳಿಗೆ ಎಂಟು ವರ್ಷವಾದಾಗಿನಿಂದ ಏನು ತಿಂದರೂ ಮೈಗೆ ಹತ್ತುತ್ತಿರಲಿಲ್ಲ. ಹೊಟ್ಟೆ ಉಬ್ಬರ, ಆಗಾಗ ಭೇದಿ, ಬಾಯಿ ಹುಣ್ಣು. ಮುಖ ಬಿಳಿಚಿಕೊಂಡು ಸುಣ್ಣದ ಹಾಗೆ. ಜಂತುಹುಳಕ್ಕೆ ಔಷಧಿ ಆಯಿತು, ಕಬ್ಬಿಣದ ಟಾನಿಕ್ಕು ಬಾಟಲಿಗಟ್ಟಲೆ ಆಯಿತು, ದೃಷ್ಟಿ ತೆಗೆದದ್ದೂ ಆಯಿತು. ಅವಳಿಗಿಂತ ಮೂರು ವರ್ಷ ಚಿಕ್ಕವನಾದ ತಮ್ಮ ಎತ್ತರದಲ್ಲಿ ಅವಳ ಸಮಕ್ಕೆ ಬಂದು ನಿಂತ. "ಹುಡುಗಿ ಅಜ್ಜಿ ಹಾಗೆ ಕುಳ್ಳು, ಬಿಡಿ" ಅಂದವರೇ ಹೆಚ್ಚು. 2017ರಲ್ಲಿ, ಅವಳಿಗೆ ಹನ್ನೊಂದು ತುಂಬಿದಾಗ, ರಕ್ತದಲ್ಲಿ ಹಿಮೋಗ್ಲೋಬಿನ್ ಏಳಕ್ಕೆ ಇಳಿಯಿತು. ಬೆಂಗಳೂರಿನ ವೈದ್ಯರೊಬ್ಬರು ಟಿಟಿಜಿ ಎಂಬ ರಕ್ತಪರೀಕ್ಷೆ ಮಾಡಿಸಿ, ಆಮೇಲೆ ಎಂಡೋಸ್ಕೋಪಿಯಲ್ಲಿ ಸಣ್ಣ ಕರುಳಿನ ಚೂರು ತೆಗೆದು ನೋಡಿ, ಕಾಯಿಲೆಯ ಹೆಸರು ಹೇಳಿದರು. ಸೀಲಿಯಾಕ್.

ಅವರು ತಿಳಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಗೋಧಿ, ಬಾರ್ಲಿ ಮತ್ತು ರೈ ಎಂಬ ಧಾನ್ಯಗಳಲ್ಲಿ ಗ್ಲುಟೆನ್ ಎಂಬ ಅಂಟು ಅಂಶವಿದೆ. ಚಪಾತಿ ಹಿಟ್ಟು ನಾದಿದಷ್ಟೂ ಜಿಗುಟಾಗಿ ಎಳೆ ಬರುವುದು ಅದರಿಂದಲೇ. ನಮ್ಮ ಸಣ್ಣ ಕರುಳಿನ ಒಳಮೈ ಮಖಮಲ್ಲಿನ ಬಟ್ಟೆಯ ಹಾಗೆ ಇರುತ್ತದಂತೆ. ಆ ಸಣ್ಣ ಸಣ್ಣ ಎಳೆಗಳೇ ಅನ್ನದ ಸಾರವನ್ನು ಹೀರಿಕೊಳ್ಳುವುದು. ಸೀಲಿಯಾಕ್ ಇರುವವರ ದೇಹ ಗ್ಲುಟೆನ್ ಕಂಡ ಕೂಡಲೇ ತನ್ನ ಕರುಳಿನ ಮೇಲೆ ತಾನೇ ದಾಳಿ ಮಾಡಿ, ಆ ಎಳೆಗಳನ್ನು ಸವೆಸಿ ಮಟ್ಟ ಮಾಡಿಬಿಡುತ್ತದೆ. ಆಮೇಲೆ ಹಾಲು, ತುಪ್ಪ, ಟಾನಿಕ್ಕು ಏನು ಕೊಟ್ಟರೂ ಗೋಡೆಗೆ ನೀರು ಎರಚಿದ ಹಾಗೆ. ಇದು ಅಂಟುರೋಗವಲ್ಲ. ಗುಣಮಾಡುವ ಮಾತ್ರೆಯೂ ಇಲ್ಲ. ಇರುವ ಮದ್ದು ಒಂದೇ: ಜೀವನಪರ್ಯಂತ ಗ್ಲುಟೆನ್ ಇಲ್ಲದ ಊಟ. ಹಾಗೆ ಉಂಡರೆ ಕರುಳು ಮತ್ತೆ ಚಿಗುರುತ್ತದೆ.

ನಮ್ಮ ಕಡೆ ಇದು ಬೇಗ ಯಾರ ತಲೆಗೂ ಹೊಳೆಯದಿರುವುದಕ್ಕೆ ಕಾರಣವಿದೆ. 2016ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರ ಪ್ರಕಾರ, ಗೋಧಿ ಉಣ್ಣುವ ಉತ್ತರ ಭಾರತದಲ್ಲಿ ಸುಮಾರು ನೂರು ಮಂದಿಗೆ ಒಬ್ಬರಲ್ಲಿ ಇದರ ಲಕ್ಷಣ ರಕ್ತದಲ್ಲಿ ಕಂಡರೆ, ದಕ್ಷಿಣದಲ್ಲಿ ಸಾವಿರಕ್ಕೆ ಒಬ್ಬರಲ್ಲಿ ಕಂಡಿತು. ಆದರೆ ಆ ಸಾವಿರದಲ್ಲಿ ಒಬ್ಬರು ನಮ್ಮ ಮಡಿಲಲ್ಲೇ ಇದ್ದಾಗ ಲೆಕ್ಕದಿಂದ ಏನು ಸಮಾಧಾನ, ಹೇಳಿ?

ಇದು ರಕ್ತಸಂಬಂಧದಲ್ಲಿ ಬರುವ ಗುಣವಾದ್ದರಿಂದ ಮನೆಯವರೆಲ್ಲ ಪರೀಕ್ಷೆ ಮಾಡಿಸಿಕೊಳ್ಳಿ ಎಂದರು ವೈದ್ಯರು. ನನಗಿಲ್ಲ, ಮಗನಿಗಿಲ್ಲ. ಯಜಮಾನರಿಗೆ ಇತ್ತು! ಅವರಿಗೆ ಹೊಟ್ಟೆನೋವಿಲ್ಲ, ಭೇದಿಯಿಲ್ಲ. ಸ್ವಲ್ಪ ರಕ್ತ ಕಡಿಮೆ, ಸಂಜೆಯಾದರೆ ಸುಸ್ತು, ಅಷ್ಟೇ. "ನಂಗೇನಾಗಿದೆ? ಗುಂಡುಕಲ್ಲಿನ ಹಾಗಿದೀನಿ" ಎಂದು ನಕ್ಕರು. ದಿನಾ ಸಂಜೆ ಅಯ್ಯಂಗಾರ್ ಬೇಕರಿಯ ಖಾರದ ಬನ್ನು, ಬೆಣ್ಣೆ ಬಿಸ್ಕತ್ತು ಇಲ್ಲದೆ ಅವರಿಗೆ ಕಾಫಿ ಇಳಿಯುತ್ತಿರಲಿಲ್ಲ. ತೊಂದರೆ ಕಾಣದಿದ್ದರೂ ಒಳಗೆ ಕರುಳು ಸವೆಯುತ್ತಲೇ ಇರುತ್ತದೆ, ಮುಂದೆ ಮೂಳೆ ಟೊಳ್ಳಾಗಬಹುದು, ಅಪರೂಪಕ್ಕೆ ಕರುಳಿನ ಕ್ಯಾನ್ಸರಿಗೂ ದಾರಿಯಾಗಬಹುದು ಎಂದು ವೈದ್ಯರು ಹೇಳಿದರೂ ಇವರು ಕೇಳಿದ್ದು ಅರ್ಧಕಿವಿಯಲ್ಲಿ.

ಅವರನ್ನು ಬಗ್ಗಿಸಿದ್ದು ಮಗಳು. ಒಂದು ಸಂಜೆ ಅವರು ಬಾಯಿ ಒರೆಸಿಕೊಂಡು ಒಳಗೆ ಬಂದಾಗ ಆ ಹುಡುಗಿ, "ಅಪ್ಪಾ, ನಿಂಗೂ ಇದೇ ಕಾಯಿಲೆ ಅಲ್ವಾ? ನೀನು ತಿನ್ನಬಹುದು ಅಂದ್ರೆ ನಾನೂ ತಿನ್ನಬಹುದು ತಾನೇ?" ಅಂದಳು. ಅವರು ಉತ್ತರ ಕೊಡಲಿಲ್ಲ. ಮಾರನೆಯ ದಿನದಿಂದ ಬೇಕರಿಯ ರಸ್ತೆ ಬಿಟ್ಟು ಸುತ್ತು ಬಳಸಿ ಮನೆಗೆ ಬರತೊಡಗಿದರು. ಎಂಟು ವರ್ಷವಾಯಿತು, ಈಗಲೂ ಆ ಸುತ್ತು ದಾರಿಯೇ.

ಇನ್ನು ಅಡಿಗೆಮನೆಯ ಮಾತು. ಪಟ್ಟಿ ಬರೆಯಲು ಕೂತಾಗ ನನಗೆ ಧೈರ್ಯ ಬಂತು. ಅನ್ನ, ಇಡ್ಲಿ, ದೋಸೆ, ಅವಲಕ್ಕಿ, ಅಕ್ಕಿ ರೊಟ್ಟಿ, ರಾಗಿ ಮುದ್ದೆ, ಜೋಳದ ರೊಟ್ಟಿ, ಸಜ್ಜೆ, ನವಣೆ, ಸಾಮೆ, ಎಲ್ಲ ಬೇಳೆಕಾಳು, ತರಕಾರಿ, ಹಣ್ಣು, ಹಾಲು — ಒಂದರಲ್ಲೂ ಗ್ಲುಟೆನ್ ಇಲ್ಲ. ನಮ್ಮ ಅಜ್ಜಿಯರ ಅಡಿಗೆಮನೆಯೇ ಈ ಕಾಯಿಲೆಗೆ ಔಷಧಾಲಯ. ಬಿಡಬೇಕಾದದ್ದು ಚಪಾತಿ, ಪೂರಿ, ರವೆಯ ಉಪ್ಪಿಟ್ಟು, ಕೇಸರಿಬಾತು, ಚಿರೋಟಿ, ಗೋಧಿ ಶಾವಿಗೆ, ಬ್ರೆಡ್ಡು, ಬಿಸ್ಕತ್ತು, ಮೈದಾ ಹಚ್ಚಿ ಕರಿದ ಗೋಬಿ ಮಂಚೂರಿ. ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ಹೇಳುವ ಜವೆಗೋಧಿಯೂ ಗೋಧಿಯೇ, ಆಗದು.

ಕಷ್ಟವಿರುವುದು ಕಣ್ಣಿಗೆ ಕಾಣದ ಗೋಧಿಯಲ್ಲಿ. ಮೊದಲನೆಯ ಕಳ್ಳ ಇಂಗು! ಅಂಗಡಿಯ ಡಬ್ಬಿ ಇಂಗಿನಲ್ಲಿ ಸಾಮಾನ್ಯವಾಗಿ ಮೈದಾ ಅಥವಾ ಗೋಧಿ ಹಿಟ್ಟು ಬೆರೆಸಿರುತ್ತಾರೆ. ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ, ನೋಡಿ. ಅಂದರೆ ಸಾರಿನ ಪುಡಿ, ಉಪ್ಪಿನಕಾಯಿ, ಹಪ್ಪಳ ಎಲ್ಲದರ ಮೇಲೂ ಕಣ್ಣಿಡಬೇಕು. ನಮ್ಮ ಮನೆಯಲ್ಲಿ ಈಗ ಒಗ್ಗರಣೆಗೆ ಬೆಳ್ಳುಳ್ಳಿ. ಎರಡನೆಯದು ಮಕ್ಕಳಿಗೆ ಹಾಲಿಗೆ ಬೆರೆಸಿ ಕೊಡುವ ಮಾಲ್ಟ್ ಪುಡಿಗಳು, ಅವುಗಳಲ್ಲಿ ಬಾರ್ಲಿ ಇರುತ್ತದೆ. ಮನೆಯಲ್ಲೇ ರಾಗಿ ಮೊಳಕೆ ಕಟ್ಟಿ ಮಾಡಿದ ಹುರಿಹಿಟ್ಟಾದರೆ ಚಿಂತೆಯಿಲ್ಲ. ಮೂರನೆಯದು ಹಿಟ್ಟಿನ ಗಿರಣಿ. ನಮ್ಮ ಶುದ್ಧ ರಾಗಿಯನ್ನು ಗೋಧಿ ಬೀಸಿದ ಕಲ್ಲಿಗೇ ಹಾಕಿದರೆ ಆಯಿತಲ್ಲ ಕಥೆ! ಚೀಟಿ ಹಣ ಬಂದಾಗ ಬಳೆ ಮಾಡಿಸಬೇಕೆಂದಿದ್ದೆ. ಮನೆಯಲ್ಲೇ ಬೀಸುವ ಸಣ್ಣ ಗಿರಣಿ ತಂದೆ. ಹಳೆಯ ಲಟ್ಟಣಿಗೆ, ಮಣೆ, ಜರಡಿ, ಚಪಾತಿ ಕಾವಲಿ ಎಲ್ಲ ಪಕ್ಕದ ಮನೆಗೆ ಹೋದವು. ಕೆಲವರ ಮನೆಯಲ್ಲಿ ಪಾತ್ರೆ ಬೇರೆ ಬೇರೆ ಇಟ್ಟು ಎರಡು ಅಡಿಗೆ ಮಾಡುತ್ತಾರೆ. ನಾನು ಮಾತ್ರ ಗೋಧಿಯನ್ನೇ ಹೊಸ್ತಿಲಾಚೆ ಇಟ್ಟೆ. ಒಂದೇ ಒಲೆ, ಒಂದೇ ಪಂಕ್ತಿ. ಮಗನಿಗೆ ಬನ್ನು ಬೇಕಾದರೆ ಬೇಕರಿಯಲ್ಲೇ ತಿಂದು ಕೈ ತೊಳೆದು ಬರುತ್ತಾನೆ.

ಅಕ್ಕಿ, ಜೋಳದ ಹಿಟ್ಟಿನಲ್ಲಿ ಅಂಟಿಲ್ಲವಲ್ಲ, ರೊಟ್ಟಿ ಒಡೆಯುತ್ತದೆ ಅನ್ನುವವರಿಗೆ ಒಂದು ಉಪಾಯ. ನೀರು ಚೆನ್ನಾಗಿ ಕುದಿಸಿ ಉಪ್ಪು ಹಾಕಿ ಹಿಟ್ಟು ಸುರಿದು, ಮುಚ್ಚಿಟ್ಟು, ಬಿಸಿ ಇರುವಾಗಲೇ ನಾದಿ. ಎರಡು ಲೋಟ ಹಿಟ್ಟಿಗೆ ಎರಡು ಚಮಚ ಇಸಬಗೋಲು ಸೇರಿಸಿದರೆ ಬುತ್ತಿಗೆ ಕಟ್ಟಿದ ರೊಟ್ಟಿಯೂ ಮೆತ್ತಗಿರುತ್ತದೆ. ಯುಗಾದಿಗೆ ಒಬ್ಬಟ್ಟಿನ ಬದಲು ಅದೇ ಹೂರಣವನ್ನು ಅಕ್ಕಿ ಹಿಟ್ಟಿನ ಕಣಕದಲ್ಲಿ ತುಂಬಿ ಕಡುಬು ಬೇಯಿಸುತ್ತೇನೆ.

ಗೋಧಿಯೇ ಇದಕ್ಕೆ ಕಾರಣವೆಂದು ಜಗತ್ತಿಗೆ ತಿಳಿದ ಬಗೆಯನ್ನು ಮಗಳು ಓದಿ ಹೇಳಿದಳು. ಹಾಲೆಂಡಿನಲ್ಲಿ ವಿಲಂ ಡಿಕೆ ಎಂಬ ಮಕ್ಕಳ ವೈದ್ಯರಿದ್ದರು. ಅವರಿಗೆ 1930ರ ದಶಕದಿಂದಲೇ ಗೋಧಿಯ ಮೇಲೆ ಅನುಮಾನ. ಎರಡನೇ ಮಹಾಯುದ್ಧದಲ್ಲಿ, 1944-45ರ ಚಳಿಗಾಲದಲ್ಲಿ ಅಲ್ಲಿ ಘೋರ ಕ್ಷಾಮ ಬಂದು ಬ್ರೆಡ್ಡೇ ಸಿಗದಾಯಿತು. ಊರೆಲ್ಲ ಹಸಿದು ಸೊರಗಿದಾಗ ಸೀಲಿಯಾಕ್ ಮಕ್ಕಳು ಮಾತ್ರ ಚೇತರಿಸಿಕೊಂಡರು! ಯುದ್ಧ ಮುಗಿದು ಬ್ರೆಡ್ಡು ಬಂದದ್ದೇ ಮತ್ತೆ ಮಲಗಿದರು. 1950ರಲ್ಲಿ ಅವರು ಇದನ್ನು ಪ್ರಬಂಧವಾಗಿ ಬರೆದರು. ಅದೇ ಯುದ್ಧದ ಕಾಲದಲ್ಲಿ ಬೆಂಗಳೂರಿನಲ್ಲಿ ಅಕ್ಕಿ ಸಿಗದೆ ರವೆ ಇಡ್ಲಿ ಹುಟ್ಟಿತೆಂದು ಎಂ.ಟಿ.ಆರ್.ನವರು ಹೇಳುತ್ತಾರೆ. ಅಲ್ಲಿ ಗೋಧಿ ಹೋಗಿ ಮಕ್ಕಳು ಉಳಿದರು, ಇಲ್ಲಿ ಗೋಧಿ ಇಡ್ಲಿಯ ತಟ್ಟೆಗೂ ಬಂತು!

ಈಗ ಮಾತಿನ ಭಾಗಕ್ಕೆ ಬರುತ್ತೇನೆ. "ಒಂದು ಚೂರು ತಿಂದ್ರೆ ಏನಾಗುತ್ತೆ?" ಈ ಎಂಟು ವರ್ಷದಲ್ಲಿ ನಾನು ಅತಿ ಹೆಚ್ಚು ಕೇಳಿದ ಪ್ರಶ್ನೆ ಇದು. ಕೇಳುವವರು ಕೆಟ್ಟವರಲ್ಲ. ನಮ್ಮಲ್ಲಿ ಪ್ರೀತಿ ತೋರಿಸುವುದೇ ಬಡಿಸಿ ಅಲ್ಲವೇ? ಅವರಿಗೆ ನಾನು ಒಂದು ಲೆಕ್ಕ ಹೇಳುತ್ತೇನೆ. ಒಂದು ತುಂಡು ಬ್ರೆಡ್ಡಿನಲ್ಲಿ ಸುಮಾರು ಎರಡು ಗ್ರಾಂ ಗ್ಲುಟೆನ್ ಇರುತ್ತದೆ. 2007ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನದಲ್ಲಿ ದಿನಕ್ಕೆ 50 ಮಿಲಿಗ್ರಾಂ, ಅಂದರೆ ಆ ತುಂಡಿನ ನಲವತ್ತನೆಯ ಒಂದು ಪಾಲು, ಮೂರು ತಿಂಗಳು ಹೊಟ್ಟೆಗೆ ಹೋದರೆ ಕರುಳು ಸವೆಯುವುದು ಕಂಡುಬಂತು. "ಈಗ ನೀವೇ ಹೇಳಿ, ಚೂರು ಅಂದ್ರೆ ಎಷ್ಟು?" ಅನ್ನುತ್ತೇನೆ. ಹೆಚ್ಚಿನವರು ಸುಮ್ಮನಾಗುತ್ತಾರೆ. ಮದುವೆ ಮನೆಗೆ ನಾವು ಉಂಡೇ ಹೋಗುತ್ತೇವೆ. ಪಂಕ್ತಿಯಲ್ಲಿ ಕೂತು ಬಿಳಿ ಅನ್ನ, ಮೊಸರು, ಬಾಳೆಹಣ್ಣು ಹಾಕಿಸಿಕೊಳ್ಳುತ್ತೇವೆ. ಸಾರಿಗೆ ಇಂಗು ಬಿದ್ದಿರುತ್ತದಲ್ಲ!

ಎಲ್ಲಕ್ಕಿಂತ ಕಷ್ಟವಾದದ್ದು ಸತ್ಯನಾರಾಯಣ ಪೂಜೆಯ ಪ್ರಸಾದ. ಸಪಾದವನ್ನು ಗೋಧಿ ರವೆಯಲ್ಲೇ ಮಾಡುವ ರೂಢಿ. ಪ್ರಸಾದ ಅಲಕ್ಷಿಸಿದ ಕಲಾವತಿಯ ಗತಿ ಏನಾಯಿತೆಂಬ ಕಥೆಯನ್ನು ವರ್ಷ ವರ್ಷ ಕೇಳಿ ಬೆಳೆದವರು ನಮ್ಮ ಅತ್ತೆ. "ದೇವರ ಪ್ರಸಾದ ಯಾರಿಗೂ ಕೆಡುಕು ಮಾಡಲ್ಲ, ಕಣ್ಣಿಗೊತ್ತಿಕೊಂಡು ಒಂದು ಕಾಳು ಬಾಯಿಗೆ ಹಾಕಿಕೋ" ಎಂದು ಮೊಮ್ಮಗಳ ಮುಂದೆ ಕೈ ಚಾಚಿದಾಗ ನಾನು ಅಡ್ಡ ನಿಲ್ಲಬೇಕಾಯಿತು. ಅತ್ತೆಯವರು ನನ್ನ ಹತ್ತಿರ ಎರಡು ದಿನ ಮಾತು ಬಿಟ್ಟರು. ದೇವರನ್ನೇ ಎದುರು ಹಾಕಿಕೊಂಡ ಸೊಸೆ ನಾನು! ಮೂರನೆಯ ದಿನ ನಾನೇ ಪುರೋಹಿತರ ಮನೆಗೆ ಹೋಗಿ ವಿಷಯ ಬಿಚ್ಚಿ ಹೇಳಿದೆ. ಅವರು ವ್ರತದ ಪುಸ್ತಕ ತೆಗೆದು, "ಗೋಧಿ ಹಿಟ್ಟು, ಅದಿಲ್ಲದಿದ್ದರೆ ಅಕ್ಕಿ ಹಿಟ್ಟು ಅಂತ ಕಥೆಯಲ್ಲೇ ಇದೆಯಲ್ಲಮ್ಮಾ" ಎಂದು ತೋರಿಸಿದರು. ಅವರೇ ಮನೆಗೆ ಬಂದು ಅತ್ತೆಯವರಿಗೂ ಓದಿ ಹೇಳಿದರು. ಮುಂದಿನ ಹುಣ್ಣಿಮೆಗೆ ಅತ್ತೆಯವರೇ ಅಕ್ಕಿ ತರಿ ಹುರಿದು, ತುಪ್ಪ, ಹಾಲು, ಸಕ್ಕರೆ, ಬಾಳೆಹಣ್ಣು ಹಾಕಿ ಸಪಾದ ಮಾಡಿದರು. ಮೊದಲ ತುತ್ತು ಮಗನಿಗೆ, ಎರಡನೆಯದು ಮೊಮ್ಮಗಳಿಗೆ. ಈಗ ಬೀದಿಯ ನಾಲ್ಕು ಮನೆಯವರು ಪೂಜೆ ಮಾಡಿದಾಗ ಅಕ್ಕಿ ತರಿಯಲ್ಲೇ ಪ್ರಸಾದ ಮಾಡುತ್ತಾರೆ. ಹಾಗೆ ಮಾಡಿ ಎಂದು ಮನೆಮನೆಗೆ ಹೇಳಿಬಂದವರು ನಮ್ಮ ಅತ್ತೆ.

"ಹೆಣ್ಣುಮಗು, ಕಾಯಿಲೆ ವಿಷಯ ಹೊರಗೆ ಬಿಡಬೇಡ, ನಾಳೆ ಮದುವೆಗೆ ತೊಂದರೆ" ಎಂದು ಬುದ್ಧಿ ಹೇಳಿದವರೂ ಉಂಟು. ಮುಚ್ಚಿಟ್ಟು ಕೊಟ್ಟ ಮನೆಯಲ್ಲಿ ಅವಳು ಕದ್ದು ಕದ್ದು ಉಪವಾಸ ಇರಬೇಕೇ, ಇಲ್ಲ ಗೋಧಿ ತಿಂದು ಸೊರಗಬೇಕೇ? ನಾವು ಎಲ್ಲರಿಗೂ ಹೇಳಿಯೇ ಬೆಳೆಸಿದೆವು. ಗೋಧಿ ಬಿಟ್ಟ ಎರಡು ವರ್ಷಕ್ಕೆ ಅವಳು ತಮ್ಮನನ್ನು ಎತ್ತರದಲ್ಲಿ ಹಿಂದೆ ಹಾಕಿದಳು, ಹಿಮೋಗ್ಲೋಬಿನ್ ಹನ್ನೆರಡಕ್ಕೆ ಏರಿತು.

ನಿಮ್ಮ ಮನೆಯಲ್ಲೂ ಬೆಳೆಯದ ಮಗು, ಎಷ್ಟು ಟಾನಿಕ್ಕಿಗೂ ಏರದ ರಕ್ತ, ವರ್ಷಗಟ್ಟಲೆ ನಿಲ್ಲದ ಹೊಟ್ಟೆಯ ತೊಂದರೆ ಇದ್ದರೆ ಟಿಟಿಜಿ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ. ಆದರೆ ಸೋದರಿಯರೇ, ಪರೀಕ್ಷೆಗೆ ಮುಂಚೆ ನೀವಾಗಿಯೇ ಗೋಧಿ ಬಿಡಿಸಬೇಡಿ. ಬಿಟ್ಟರೆ ಕಾಯಿಲೆ ಇದ್ದರೂ ಪರೀಕ್ಷೆಯಲ್ಲಿ ಕಾಣದೆ ಹೋಗಬಹುದು. ಕಾಯಿಲೆ ಇಲ್ಲದವರು ಗೋಧಿ ಬಿಡುವ ಅಗತ್ಯವೂ ಇಲ್ಲ. ಪೊಟ್ಟಣದ ತಿಂಡಿ ಕೊಳ್ಳುವಾಗ ಗ್ಲುಟೆನ್ ರಹಿತ ಎಂದು ಬರೆದಿದೆಯೇ ನೋಡಿ. ಹಾಗೆ ಬರೆಯಬೇಕಾದರೆ ಕಿಲೋಗೆ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರಬಾರದೆಂದು ನಮ್ಮ ದೇಶದಲ್ಲಿ ನಿಯಮವಿದೆ.

2024ರಲ್ಲಿ ಮಗಳು ಕಾಲೇಜಿಗೆಂದು ಮೈಸೂರಿನ ಹಾಸ್ಟೆಲ್ ಸೇರಿದಳು. ಎಂಟು ದಿನ ನನಗೆ ನಿದ್ದೆಯಿಲ್ಲ. ಅಡಿಗೆಯವರ ಹತ್ತಿರ ನಾನೇ ಬಂದು ಮಾತಾಡುತ್ತೇನೆ ಅಂದರೆ, "ಬೇಡಮ್ಮಾ, ನಾನೇ ಹೇಳ್ತೀನಿ" ಅಂದಳು. ಹೇಳಿದ್ದಾಳೆ. ಅವಳ ಪಾಲಿನ ಬೇಳೆಗೆ ಇಂಗು ಬೀಳುವ ಮುಂಚೆ ಒಂದು ಸೌಟು ತೆಗೆದಿಡುತ್ತಾರಂತೆ ಆ ತಾಯಿ. ಚಪಾತಿಯ ದಿನ ಮಾತ್ರ ನಾನು ಕಳಿಸಿದ ಜೋಳದ ಖಡಕ್ ರೊಟ್ಟಿ. ಹೋದ ವಾರ ಫೋನು ಮಾಡಿ, ಕೋಣೆಯ ಹುಡುಗಿಯರೇ ಅರ್ಧ ಖಾಲಿ ಮಾಡಿದರು, ಇನ್ನೂ ಇಪ್ಪತ್ತು ಹೆಚ್ಚಿಗೆ ಕಳಿಸು ಅಂದಳು. ಈ ಭಾನುವಾರ ಗಿರಣಿ ಹಾಕಬೇಕು.