ಮೂರನೆಯ ಕಲ್ಲು

ಸಂಸ್ಕೃತ ವ್ಯಾಕರಣದಲ್ಲಿ ವಚನಗಳು ಮೂರು, ಕನ್ನಡದಲ್ಲಿ ಎರಡೇ. ಒಂದಕ್ಕಿಂತ ಹೆಚ್ಚಾಯಿತೋ, ನಮಗೆ ಎಲ್ಲವೂ ಬಹುವಚನ. ಗಂಡಹೆಂಡಿರಿಬ್ಬರೂ ‘ಅವರು’, ಜಾತ್ರೆಗೆ ನೆರೆದ ಜನವೂ ‘ಅವರು’. ಎರಡಕ್ಕೆಂದೇ ಬೇರೊಂದು ವಚನ ಏಕೆ ಬೇಕು ಎಂದು ವಿದ್ಯಾರ್ಥಿಗಳು ಪ್ರತಿವರ್ಷವೂ ಕೇಳುತ್ತಾರೆ. ದ್ವಿವಚನದ ಪರವಾಗಿ ನಾನು ಕೇಳಿದ ಅತ್ಯಂತ ಬಲವಾದ ವಾದ ಬಂದದ್ದು ಪಂಡಿತರಿಂದಲ್ಲ. ನಮ್ಮ ಕಾಲೇಜಿನ ಭೌತಶಾಸ್ತ್ರದ ಮಿತ್ರರೊಬ್ಬರಿಂದ. ಅವರ ಲೋಕದಲ್ಲಿ ಎರಡು ಬೇರೆ, ಮೂರು ಬೇರೆ. ಎರಡರ ಲೆಕ್ಕವನ್ನು ಒಂದು ಮಧ್ಯಾಹ್ನದಲ್ಲಿ ಕಲಿಸಿ ಮುಗಿಸಬಹುದಂತೆ. ಮೂರರ ಲೆಕ್ಕದಲ್ಲಿ ಆಯುಷ್ಯವನ್ನೇ ಸವೆಸಿದವರುಂಟಂತೆ.

ಅವರು ಹೇಳುವ ಎರಡು, ಮೂರು ಯಾವುವು? ಪರಮಾಣುವಿನ ನಡುವಣ ಬೀಜದಲ್ಲಿ ಎರಡು ಬಗೆಯ ಕಣಗಳಿವೆ: ವಿದ್ಯುದಂಶವುಳ್ಳ ಪ್ರೋಟಾನು, ಅದಿಲ್ಲದ ನ್ಯೂಟ್ರಾನು. ಒಂದು ಪ್ರೋಟಾನೂ ಒಂದು ನ್ಯೂಟ್ರಾನೂ ಕೂಡಿದರೆ ಡ್ಯೂಟೆರಾನ್. ಅದನ್ನೇ ಬೀಜವಾಗಿ ಉಳ್ಳ ಭಾರವಾದ ಜಲಜನಕವನ್ನು ಅಮೆರಿಕದ ಹೆರಾಲ್ಡ್ ಯೂರಿ 1931ರಲ್ಲಿ ಕಂಡುಹಿಡಿದರು. ಮರುವರ್ಷ ಇಂಗ್ಲೆಂಡಿನ ಚಾಡ್ವಿಕ್ ನ್ಯೂಟ್ರಾನನ್ನು ಕಂಡುಹಿಡಿದರು. ಈ ಜೋಡಿಯನ್ನು ಬಿಡಿಸಲು ಬೇಕಾದ ಶಕ್ತಿ ಸುಮಾರು 22 ಲಕ್ಷ ಎಲೆಕ್ಟ್ರಾನ್ ವೋಲ್ಟ್. ಬೀಜಗಳ ಪ್ರಪಂಚದಲ್ಲಿ ಇದು ಬಲು ಸಡಿಲವಾದ ಗಂಟು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಜಿ. ರಾಮಚಂದ್ರನ್ ಮತ್ತು ಅವರ ಸಂಗಡಿಗರು ಈ ಗಂಟು ಬೀಳುವ ಬಗೆಯನ್ನು ಕುರಿತು ಲೆಕ್ಕ ನಡೆಸಿದ್ದಾರೆ.

ಇದು ಎಲ್ಲೋ ದೂರದ ವಸ್ತುವಲ್ಲ. ಚಾಮರಾಜನಗರದ ಬಳಿಯ ಚಂದಕವಾಡಿಯಲ್ಲಿ ನಮ್ಮ ಮನೆಯ ಹಿತ್ತಿಲ ಬಾವಿಯ ನೀರಿನಲ್ಲಿಯೂ ಉಂಟು. ಆರೇಳು ಸಾವಿರ ಜಲಜನಕ ಪರಮಾಣುಗಳಿಗೆ ಒಂದರಂತೆ. ವಿಶ್ವ ಹುಟ್ಟಿದ ಮೊದಲ ಕೆಲವು ನಿಮಿಷಗಳಲ್ಲಿ ಕೂಡಿದ ಜೋಡಿಗಳು ಇಂದಿಗೂ ಹಾಗೆಯೇ ಉಳಿದಿವೆ. ಬಿಳಿಗಿರಿರಂಗನ ಬೆಟ್ಟಕ್ಕಿಂತ ಹಳೆಯ ದಾಂಪತ್ಯ ನಮ್ಮ ಬಿಂದಿಗೆಯಲ್ಲಿ!

ವಿಚಿತ್ರವೆಂದರೆ ಒಂದೇ ಬಗೆಯ ಎರಡು ಕಣಗಳು ಹೀಗೆ ಕೂಡಿ ನಿಲ್ಲುವುದಿಲ್ಲ. ಎರಡು ಪ್ರೋಟಾನುಗಳ ನಡುವೆ ವಿದ್ಯುತ್ತಿನ ವಿಕರ್ಷಣೆ ಇದೆ ಎನ್ನೋಣ. ಎರಡು ನ್ಯೂಟ್ರಾನುಗಳಿಗೆ ಆ ಜಗಳವೂ ಇಲ್ಲ. ಆದರೂ ನಿಲ್ಲವು. ಸ್ವಲ್ಪದರಲ್ಲಿ ತಪ್ಪಿಹೋಗುತ್ತದೆ, ಸೆಳೆತ ಇನ್ನು ತುಸು ಬಲವಾಗಿದ್ದರೆ ಸಾಕಿತ್ತು.

ಕಣ್ಣಿಗೆ ಕಾಣದ ಈ ಸೆಳೆತವನ್ನು ಅಳೆಯುವುದು ಹೇಗೆ? ಹೊಡೆದು ನೋಡಿ! ಮಬ್ಬುಗತ್ತಲಲ್ಲಿ ಗೋಲಿ ಆಡುವ ಹುಡುಗ, ತನ್ನ ಗೋಲಿ ಯಾವ ಕಡೆಗೆ ಸಿಡಿಯಿತೆಂಬುದರಿಂದ ಅದಕ್ಕೆ ತಗುಲಿದ್ದೇನೆಂದು ಊಹಿಸುವಂತೆ, ಒಂದು ಕಣವನ್ನು ಇನ್ನೊಂದರ ಮೇಲೆ ಬಿಟ್ಟು ಅದು ಯಾವ ಯಾವ ಕೋನದಲ್ಲಿ ಎಷ್ಟೆಷ್ಟು ಸಲ ಚೆದರಿತೆಂದು ಎಣಿಸುತ್ತಾರೆ. ಈ ಡಿಕ್ಕಿಯ ಆಟ ನಮ್ಮ ಉತ್ತರ ಕನ್ನಡದ ಕೈಗಾದಲ್ಲಿಯೂ ನಡೆಯುತ್ತಿದೆ. 2000ನೆಯ ಇಸವಿಯಿಂದ ವಿದ್ಯುತ್ತನ್ನು ಕೊಡುತ್ತಿರುವ ಅಲ್ಲಿನ ಸ್ಥಾವರದಲ್ಲಿ ಭಾರಜಲವಿದೆ. ಬಿರುಸಾಗಿ ಓಡುವ ನ್ಯೂಟ್ರಾನು ಅದರೊಳಗಣ ಡ್ಯೂಟೆರಾನುಗಳಿಗೆ ಬಡಿದು ಬಡಿದು ವೇಗ ತಗ್ಗಿಸಿಕೊಳ್ಳುತ್ತದೆ. ಬಡಿದ ಆ ಗಳಿಗೆಯಲ್ಲಿ ಅಲ್ಲಿರುವವು ಎರಡಲ್ಲ, ಮೂರು.

ಮೂರಾದೊಡನೆ ಲೆಕ್ಕ ತೊಡಕಾಗುತ್ತದೆ. 1960ರಲ್ಲಿ ಲೆನಿನ್‌ಗ್ರಾಡಿನ ಲುದ್ವಿಗ್ ಫದೇಯೆವ್ ಒಂದು ಜಾಣ್ಮೆಯ ದಾರಿ ತೋರಿಸಿದರು. ಮೂರು ಕಣಗಳಲ್ಲಿ ಆಗಬಹುದಾದ ಜೋಡಿಗಳು ಮೂರು. ಕಡೆಯಲ್ಲಿ ಒಂದನ್ನೊಂದು ಮುಟ್ಟಿದ ಜೋಡಿ ಯಾವುದು ಎಂಬುದನ್ನು ಹಿಡಿದು ಇಡೀ ಲೆಕ್ಕವನ್ನು ಅವರು ಮೂರು ಪಾಲು ಮಾಡಿದರು. ಪಾಲಾದರೂ ಸಂಸಾರ ಬೇರೆಯಾಗಲಿಲ್ಲ. ಒಂದೊಂದು ಪಾಲಿನ ಉತ್ತರವೂ ಉಳಿದೆರಡನ್ನು ಕೇಳಿಕೊಂಡೇ ಬರಬೇಕು. ಇಂದು ದೊಡ್ಡ ಗಣಕಯಂತ್ರಗಳು ಈ ಸಮೀಕರಣಗಳನ್ನು ಬಿಡಿಸುತ್ತವೆ.

ಇಷ್ಟು ಎಚ್ಚರದಿಂದ ಬಿಡಿಸಿದ ಮೇಲೆ ಬಂದ ಉತ್ತರವೇನು? ಒಂದು ಪ್ರೋಟಾನು, ಎರಡು ನ್ಯೂಟ್ರಾನು ಸೇರಿದ ಬೀಜಕ್ಕೆ ಟ್ರೈಟಾನ್ ಎಂದು ಹೆಸರು. ಅದರ ಬಂಧನಶಕ್ತಿಯನ್ನು ಅಳೆದು ನೋಡಿದರೆ ಸುಮಾರು 85 ಲಕ್ಷ ಎಲೆಕ್ಟ್ರಾನ್ ವೋಲ್ಟ್. ಎರಡೆರಡು ಕಣಗಳ ನಡುವಣ ಬಲಗಳನ್ನಷ್ಟೇ ಕೂಡಿಸಿ ಲೆಕ್ಕ ಹಾಕಿದರೆ ಸಾಮಾನ್ಯವಾಗಿ ಐದರಿಂದ ಒಂಬತ್ತು ಲಕ್ಷದಷ್ಟು ಕಡಮೆ ಬರುತ್ತದೆ. ಆ ಕೊರತೆಯನ್ನು ತುಂಬುವುದು ಮೂರೂ ಕೂಡಿದಾಗ ಮಾತ್ರ ಹುಟ್ಟುವ, ಯಾವ ಎರಡರ ನಡುವೆಯೂ ಕಾಣದ ಇನ್ನೊಂದು ಬಲ. ಮೂರು ಎಂಬುದು ಮೂರು ಜೋಡಿಗಳ ಮೊತ್ತವಲ್ಲ.

ಹೀಲಿಯಂ–6 ಎಂಬ ಬೀಜದ ಕಥೆ ಇನ್ನೂ ಸೋಜಿಗದ್ದು. ನಡುವೆ ಬಿಗಿಯಾದ ಹೀಲಿಯಂ ಬೀಜ, ಅದರ ಆಚೀಚೆ ಎರಡು ನ್ಯೂಟ್ರಾನು. ಅದರ ಅರ್ಧಾಯುಷ್ಯ ಒಂದು ಸೆಕೆಂಡಿಗೂ ಕಡಮೆ. ಆದರೆ ಅಷ್ಟು ಹೊತ್ತು ಕೂಟ ನಿಲ್ಲುವುದು ಮೂರೂ ಇದ್ದರೆ ಮಾತ್ರ. ಯಾವುದೊಂದನ್ನು ತೆಗೆದರೂ ಉಳಿದೆರಡು ದಿಕ್ಕಾಪಾಲು. ಇದನ್ನು ಕೇಳಿದಾಗ, ಹೊಲದಲ್ಲಿ ಅವ್ವ ಮೂರು ಕಲ್ಲು ಹೂಡಿ ಮಾಡುತ್ತಿದ್ದ ಒಲೆ ನನ್ನ ಕಣ್ಣಿಗೆ ಕಟ್ಟಿತು. ಎರಡು ಕಲ್ಲಿನ ಮೇಲೆ ಮಡಕೆ ಕೂರದು. ಮೂರರಲ್ಲಿ ಮುಖ್ಯವಾದ ಕಲ್ಲು ಯಾವುದೆಂದರೆ ಅದಕ್ಕೆ ಉತ್ತರವಿಲ್ಲ.

ನಮ್ಮ ಮನೆಯಲ್ಲಿ ಅಪ್ಪ ಬೇಗ ಹೋದರು. ಉಳಿದವರು ಅವ್ವ, ಅಣ್ಣ, ನಾನು. ಅಣ್ಣನೂ ನಾನೂ ಒಂದೇ ಅಚ್ಚಿನವರು: ಇಬ್ಬರೂ ಮಿತಭಾಷಿಗಳು, ಇಬ್ಬರೂ ಇನ್ನೊಬ್ಬನೇ ಮೊದಲು ಮಾತಾಡಲಿ ಎಂದು ಕಾಯುವವರು. ಜಗಳವೆಂಬುದು ನಮ್ಮಲ್ಲಿ ಎಂದೂ ಇರಲಿಲ್ಲ. ಅವ್ವ ಇದ್ದಷ್ಟು ದಿನ ಮನೆ ತುಂಬ ಮಾತಿತ್ತು. “ನಿಮ್ಮಣ್ಣ ಉಂಡನೇನ್ಲಾ?” ಎಂದು ನನ್ನನ್ನು ಕೇಳುವಳು, “ನಿನ್ನ ತಮ್ಮ ಯಾಕ್ಲಾ ಸಪ್ಪಗವ್ನೆ?” ಎಂದು ಅವನನ್ನು ಕೇಳುವಳು. ಅವಳಿಗೆ ಉತ್ತರ ಹೇಳಬೇಕಲ್ಲ ಎಂದು ನಾವು ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುತ್ತಿದ್ದೆವು. ಅವಳು ಹೋಗಿ ಮೂರು ವರ್ಷವಾಯಿತು. ಮನೆ ಇದೆ, ಬಾವಿ ಇದೆ, ಪಾಲಿನ ತಕರಾರಿಲ್ಲ. ಮಹಾಲಯ ಅಮಾವಾಸ್ಯೆಗೆ ಅಣ್ಣ ಕೊಳ್ಳೇಗಾಲದಿಂದ, ನಾನು ಮೈಸೂರಿನಿಂದ ಬಂದು, ಎಡೆ ಇಟ್ಟು, ಸಂಜೆಯ ಬಸ್ಸಿಗೆ ಹಿಂದಿರುಗುತ್ತೇವೆ. ನಡುವೆ ಆಡುವ ಮಾತು ಹತ್ತಿಪ್ಪತ್ತನ್ನು ಮೀರುವುದಿಲ್ಲ.

ಮನುಷ್ಯರನ್ನು ಕಣಗಳಿಗೆ ಹೋಲಿಸುವುದು ಅತಿಯಾಯಿತೆಂದು ಭೌತಶಾಸ್ತ್ರದ ಮಿತ್ರರು ನಕ್ಕರು. ಅವರ ಮಾತು ಸರಿಯೇ. ತಮ್ಮ ಸೆಳೆತವನ್ನು ತಾವೇ ಹೆಚ್ಚಿಸಿಕೊಳ್ಳುವ ಅಧಿಕಾರ ನ್ಯೂಟ್ರಾನುಗಳಿಗಿಲ್ಲ, ನಮಗುಂಟು. ಸ್ವಲ್ಪದರಲ್ಲಿ ತಪ್ಪುತ್ತಿರುವ ಬಂಧಕ್ಕೆ ಬೇಕಾದದ್ದೂ ಸ್ವಲ್ಪವೇ. ಈ ಸಲದ ಅಮಾವಾಸ್ಯೆಗೆ ಹೋದಾಗ, “ಉಂಡಿಯಾ ಅಣ್ಣ?” ಎಂದು ನಾನೇ ಮೊದಲು ಕೇಳಬೇಕೆಂದಿದ್ದೇನೆ.