ಡೇರೆ ಅಮ್ಮಮ್ಮ

ಸಾಗರದ ಕಡೆ ಮಳೆಗಾಲವೆಂದರೆ ಡೇರೆ ಹೂವಿನ ಕಾಲ, ಹೆಂಗಸರ ಪೈಪೋಟಿಯ ಕಾಲ. ಪಕ್ಕದ ಮನೆಯಂಗಳದಲ್ಲಿ ತನ್ನಲ್ಲಿಲ್ಲದ ಬಣ್ಣ ಅರಳಿದರೆ ನಮ್ಮ ಅಮ್ಮಮ್ಮನಿಗೆ ಆ ರಾತ್ರಿ ನಿದ್ದೆಯಿಲ್ಲ. "ಕೇಳಿ ತಂದ ಗಿಡ ಬತ್ತಿಲ್ಲೆ, ಕದ್ದು ತಂದಿದ್ದೇ ಬತ್ತು" ಎಂಬ ಶಾಸ್ತ್ರ ಹೇಳಿಕೊಂಡು, ಮದುವೆಮನೆಯಿಂದ ಬರುವಾಗಲೂ ಸೆರಗಿನ ತುದಿಗೊಂದು ಗಡ್ಡೆ ಕಟ್ಟಿಕೊಂಡೇ ಬರುತ್ತಿದ್ದಳು. ಕೊಟ್ಟ ಸಾಲ ಮರೆತಾಳು, ಯಾವ ಗಡ್ಡೆ ಯಾರ ಮನೆಯದು ಎಂಬುದನ್ನು ಮಾತ್ರ ಮರೆಯಳು.

ಗಿಡ ಒಣಗಿದ ಮೇಲೆ ಗಡ್ಡೆ ಅಗೆದು, ಮರಳಿನಲ್ಲಿ ಹುಗಿದು ಅಟ್ಟಕ್ಕೇರಿಸಬೇಕು. ಮುಂಗಾರಿನ ಹೊತ್ತಿಗೆ ಇಳಿಸಿ ನೆಡಬೇಕು. ಗಡ್ಡೆ ದಪ್ಪಗಿದ್ದರೆ ಸಾಲದು, ಕಾಂಡದ ಬುಡದ ಕಣ್ಣು ಅದಕ್ಕೆ ಅಂಟಿಕೊಂಡಿರಬೇಕು. ಇಲ್ಲದಿದ್ದರೆ ಮೊಳೆಯುವುದೇ ಇಲ್ಲ. ಇದು ತಿಳಿಯದೆ ಸಿಕ್ಕಸಿಕ್ಕಲ್ಲಿ ಮುರಿದಿಟ್ಟ ಅಜ್ಜನಿಗೆ ವರ್ಷವಿಡೀ ಬೈಗುಳ. ಬುಡದಲ್ಲಿ ನೀರು ನಿಂತರೆ ಕೊಳೆಯುತ್ತದೆಂದು ಎಂಬತ್ತು ದಾಟಿದ ಮೇಲೂ ಸುರಿಮಳೆಯಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು ನೀರಿಗೆ ದಾರಿ ಬಿಡಿಸುತ್ತಿದ್ದಳು. ಬೇಡವೆಂದವರಿಗೂ ಹಾರೆ ಸಿಗುತ್ತಿತ್ತು.

ಡೇರೆಯ ತವರು ಮೆಕ್ಸಿಕೋ, ಅಲ್ಲಿನ ರಾಷ್ಟ್ರೀಯ ಹೂವೂ ಅದೇ. 18ನೇ ಶತಮಾನದ ಕೊನೆಗೆ ಸ್ಪೇನಿನ ಮ್ಯಾಡ್ರಿಡ್‌ನ ಉದ್ಯಾನಕ್ಕೆ ಬಂದು, ಆಮೇಲೆ ಲೋಕ ಸುತ್ತಿತು. ಇದನ್ನೆಲ್ಲ ಹೇಳಿದರೆ ಅಮ್ಮಮ್ಮ ನಂಬಿದರೆ ತಾನೇ? "ಅವ್ರೇ ಇಲ್ಲಿಂದ ಕದ್ದಿಕ್ಕು" ಎಂದುಬಿಟ್ಟಳು.

ಹೋದ ಚಳಿಗಾಲ ತೀರಿಕೊಂಡಳು. ವೈಕುಂಠ ಸಮಾರಾಧನೆಗೆ ಬಂದ ಹೆಂಗಸರಲ್ಲಿ ಅರ್ಧದಷ್ಟು ಜನ ಊಟ ಮುಗಿದ ಕೂಡಲೇ ವಿಚಾರಿಸಿದ್ದು, ಅಟ್ಟದ ಏಣಿ ಎಲ್ಲಿದೆ ಅಂತ.