ಗಸಿ ಕೂರುವವರೆಗೆ

ಘೋಟಿಯಲ್ಲಿ ಮಳೆ ಹಿಡಿಯಿತೆಂದರೆ ನಮ್ಮ ಬಾಡಿಗೆ ಮನೆಯ ನಲ್ಲಿಯಲ್ಲಿ ಚಹಾ ಬಣ್ಣದ ನೀರು. ಸಾಗರದಿಂದ ಬಂದಿದ್ದ ಅಮ್ಮ ಅದನ್ನು ನೋಡಿ ಗೊಣಗಲಿಲ್ಲ. ಕೆಳಗಿನ ಮನೆಯ ಮೌಶಿಯ ಹತ್ತಿರ ಕೈಸನ್ನೆಯಲ್ಲೇ ಮಾತಾಡಿ ಒಂದು ತುಂಡು ‘ತುರಟಿ’ ತಂದಳು. ನಮ್ಮ ಪಟಿಕವೇ ಅದು. ಬಕೆಟ್ಟಿನ ನೀರಲ್ಲಿ ನಾಲ್ಕು ಸುತ್ತು ತಿರುಗಿಸಿ ತೆಗೆದಳು. ಸ್ವಲ್ಪ ಹೊತ್ತು ಬಿಟ್ಟು ನಾನು ಬಕೆಟ್ ಎತ್ತಲು ಹೋದರೆ, “ಅಲ್ಲಾಡಿಸ್ಬೇಡ್ವೋ, ಗಸಿ ಎದ್ದು ಬರ್ತದೆ” ಎಂದು ಗದರಿದಳು. ಚೊಂಬು ಬಗ್ಗಿಸಿ ಮೇಲಿನ ತಿಳಿಯನ್ನಷ್ಟೇ ತೋಡಿದಳು.

ನನಗೆ ಬ್ರಿಸ್ಟಲ್‌ನ ಅಡುಗೆಮನೆ ನೆನಪಾಯಿತು. ಅಲ್ಲಿ ಓದುವಾಗ ನಾನು ಮನೆಯಲ್ಲೇ ಸೈಡರ್ ಮಾಡುತ್ತಿದ್ದೆ. ಸೇಬಿನ ರಸ ಹುದುಗಿಸಿದ ಮದ್ಯ. ಅಮ್ಮನಿಗೆ ಇದು ಗೊತ್ತಿರಲಿಲ್ಲ. ಚಿಕ್ಕಪ್ಪ ಕುಡಿದು ಕುಡಿದೇ ತೀರಿಕೊಂಡ ಮನೆ ನಮ್ಮದು. ಹೇಗೆ ಹೇಳಲಿ?

ಆ ಕಡೆ ಸೈಡರ್ ಎಂದರೆ ನಮ್ಮ ಕಡೆಯ ಅಡಿಕೆಯಷ್ಟೇ ಗಂಭೀರ ವಿಷಯ. ಬ್ರಿಸ್ಟಲ್ ಪಕ್ಕದ ಲಾಂಗ್ ಆ್ಯಷ್ಟನ್‌ನಲ್ಲಿ 1903ರಲ್ಲೇ ಅದಕ್ಕೊಂದು ಸಂಶೋಧನಾ ಸಂಸ್ಥೆ ಕಟ್ಟಿದ್ದರು, 2003ರಲ್ಲಿ ಮುಚ್ಚಿತು. ನನ್ನದೋ ನಾಲ್ಕೂವರೆ ಲೀಟರಿನ ಒಂದು ಗಾಜಿನ ಜಾಡಿ. ಮೂರು ವಾರಕ್ಕೆ ಗುಳ್ಳೆ ನಿಂತು, ಯೀಸ್ಟ್ ತಳಕ್ಕಿಳಿದು ಕೆನೆಬಣ್ಣದ ಗಸಿಯಾಗಿ ಕೂತಿತು. ಜಾಡಿಯನ್ನೇ ಎತ್ತಿ ಬಾಟಲಿಗೆ ಬಗ್ಗಿಸಿದೆ. ಎಲ್ಲ ಕದಡಿ ಬಗ್ಗಡ, ಬಾಯಿಗಿಟ್ಟರೆ ಹಸಿ ಬ್ರೆಡ್ ಹಿಟ್ಟಿನ ರುಚಿ. ಎರಡನೇ ಸಲ, ಏನಿದ್ದರೂ ಕುದಿಸುವ ನಮ್ಮನೆ ಅಭ್ಯಾಸದಂತೆ ರಸವನ್ನೇ ಕುದಿಸಿದೆ. ಕುದಿಸಿದರೆ ಸೇಬಿನ ಪೆಕ್ಟಿನ್ ರಸದಲ್ಲೇ ಮಂಜಿನಂತೆ ನಿಂತುಬಿಡುತ್ತದೆ. ಅದಕ್ಕೆ ಮೊದಲೇ ಪೆಕ್ಟಿನ್ ಒಡೆಯುವ ಕಿಣ್ವ ಹಾಕಬೇಕು. ನಾನು ಹಾಕಿರಲಿಲ್ಲ. ಮೂರು ತಿಂಗಳು ಕಾದರೂ ಅದು ತಿಳಿಯಾಗಲಿಲ್ಲ.

ಮೂರನೇ ಸಲ ಸಹಪಾಠಿಯೊಬ್ಬ ದಾರಿ ತೋರಿಸಿದ. ಜಾಡಿಯನ್ನು ಹಿಂದಿನ ದಿನವೇ ಮೇಜಿನ ಮೇಲಿಡು, ಕದಡಿದ್ದು ಮತ್ತೆ ಕೂರಲಿ. ಖಾಲಿ ಜಾಡಿ ಕೆಳಗಿರಲಿ. ರಬ್ಬರ್ ಕೊಳವೆಯ ತುದಿ ಗಸಿಗಿಂತ ಎರಡು ಬೆರಳು ಮೇಲೆಯೇ ಇರಲಿ. ಇನ್ನೊಂದು ತುದಿ ಕೆಳಗಿನ ಜಾಡಿಯ ತಳ ಮುಟ್ಟಲಿ, ಧಾರೆ ಮೇಲಿಂದ ಬಿದ್ದರೆ ಗಾಳಿ ಸೇರುತ್ತದೆ. ಹೊಸ ಜಾಡಿಯನ್ನು ಕತ್ತಿನವರೆಗೂ ತುಂಬಿಸು, ತಣ್ಣಗಿನ ಜಾಗದಲ್ಲಿಡು. ಕೊನೆಯ ಒಂದು ಲೋಟಕ್ಕೆ ಆಸೆಪಡಬೇಡ. ತಿಂಗಳು ಕಳೆದ ಮೇಲೆ ಜಾಡಿಯ ಆಚೆ ಹಿಡಿದ ಪುಸ್ತಕದ ಅಕ್ಷರ ಓದಲು ಬಂತು. ಊರಿಗೆ ಫೋನ್ ಮಾಡಿ ಹೇಳಬೇಕೆನಿಸಿತು. ಮಾಡಿದೆ. ಅಮ್ಮನ ಹತ್ತಿರ ಚಳಿಯ ಬಗ್ಗೆ ಮಾತಾಡಿದೆ.

ಆರು ವರ್ಷದ ಮೇಲೆ, ಘೋಟಿಯ ಬಚ್ಚಲ ಬಾಗಿಲಲ್ಲಿ ನಿಂತು ಎಲ್ಲವನ್ನೂ ಹೇಳಿದೆ. ಅಮ್ಮ ಚೊಂಬು ಕೆಳಗಿಟ್ಟು ಒಳಗೆ ಹೋದಳು. ಆ ರಾತ್ರಿ ಅನ್ನ ಬಡಿಸುವಾಗಲೂ ಮಾತಿಲ್ಲ. ಹೊರಗೆ ಮಳೆ ಒಂದೇ ಸಮನೆ ಸುರಿಯುತ್ತಿತ್ತು.

ಬೆಳಿಗ್ಗೆ ಅವಳೇ ಕೇಳಿದಳು. “ಆ ಗಸಿ ಏನ್ ಮಾಡ್ತಿದ್ದೆ?”

“ಸಿಂಕಿಗೆ ಚೆಲ್ತಿದ್ದೆ.”

ತುಪ್ಪ ಕಾಸಿದ ಪಾತ್ರೆಯ ಗಸಿಗೂ ಅನ್ನ ಕಲಸಿಕೊಡುತ್ತಿದ್ದವಳು ನನ್ನನ್ನೇ ನೋಡಿದಳು. “ಈಗ?”

“ಇಲ್ಲಿ ಪರವಾನಗಿ ಇಲ್ದೆ ಮಾಡೋ ಹಾಗಿಲ್ಲಮ್ಮ. ಕಾನೂನು.”

“ನಾನು ಕಾನೂನು ಕೇಳ್ಲಿಲ್ಲ, ನಿನ್ನನ್ನ ಕೇಳಿದ್ದು.”

“ಅಪರೂಪಕ್ಕೆ ಕುಡೀತೀನಿ. ಚಿಕ್ಕಪ್ಪನ ಹಾಗಲ್ಲ.”

“ಅವನೂ ಹಾಗೇ ಹೇಳ್ತಿದ್ದ.”

ನನ್ನಲ್ಲಿ ಉತ್ತರವಿರಲಿಲ್ಲ. ಹೊಸದಾಗಿ ಹಿಡಿದ ಬಕೆಟ್ಟಿನಲ್ಲಿ ಮಣ್ಣು ನಿಧಾನಕ್ಕೆ ಇಳಿಯುತ್ತಿತ್ತು. ಇಬ್ಬರೂ ಅದನ್ನೇ ನೋಡುತ್ತ ಕೂತೆವು. ತುಂಬ ಹೊತ್ತಿನ ಮೇಲೆ ಅಮ್ಮ ಚೊಂಬನ್ನು ನನ್ನ ಕೈಗೆ ಕೊಟ್ಟಳು.

“ನೀನೇ ತೋಡು. ಅಲ್ಲಾಡಿಸ್ಬೇಡ.”